ಸಿಗಡಿಯ ದಾಯಾದಿಗಳು

ಚೆಂದಕ್ಕೆಂದು ಇಟ್ಟ ಒಂದು ಮಾವಿನ ತೊಗಟೆ ಶಿವಪ್ರಕಾಶನ ಭಾನುವಾರವನ್ನು ಹಾಳುಮಾಡಿತು.

ಶನಿವಾರ ಸಂಜೆ ಅವನು ಆ ತೊಗಟೆಯನ್ನು ಗಾಜಿನ ಪೆಟ್ಟಿಗೆಯೊಳಗೆ ಓರೆಯಾಗಿ ನಿಲ್ಲಿಸಿ, ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, "ಈಗ ಖರೇ ಕಾಡು ಕಂಡಂಗಾತು" ಎಂದು ತನಗೆ ತಾನೇ ಶಭಾಷ್ ಹೇಳಿಕೊಂಡಿದ್ದ. ತೊಗಟೆಯ ತುದಿ ಜಾಳಿಗೆಯ ಮುಚ್ಚಳವನ್ನು ಬೆರಳಗಲ ಎತ್ತಿ ಹಿಡಿದದ್ದು ಅವನ ಗಮನಕ್ಕೆ ಬರಲಿಲ್ಲ. ಒಳಗಿದ್ದವರ ಗಮನಕ್ಕೆ ಬಂತು. ನುಣುಪಾದ ಗಾಜನ್ನು ಹತ್ತಲಾರದೆ ಇಷ್ಟು ದಿನ ತೆಪ್ಪಗಿದ್ದವರಿಗೆ ಯಜಮಾನನೇ ಏಣಿ ಹಾಕಿಕೊಟ್ಟ ಹಾಗಾಗಿತ್ತು.

ಒಳಗಿದ್ದವರೆಂದರೆ ಉಂಡೆಹುಳುಗಳು. ಹೂಕುಂಡ ಎತ್ತಿದರೆ ಕೆಳಗೆ ಹರಿದಾಡುವ, ಮುಟ್ಟಿದರೆ ಮುದುಡಿ ಮೆಣಸಿನ ಕಾಳಿನಷ್ಟಾಗುವ ಬೂದುಬಣ್ಣದ ಹುಳುಗಳು. ಉಳಿದವರು ಇವನ್ನು ಕಂಡರೆ ಕಸಬರಿಗೆ ಹುಡುಕುತ್ತಾರೆ. ಶಿವಪ್ರಕಾಶ ಮಾತ್ರ ಆಫೀಸಿನವರೊಡನೆ ಭೋರ್ ಕಡೆಗೆ ಟ್ರಿಪ್ಪಿಗೆ ಹೋದಾಗ ಒಂದು ಕೊಳೆತ ಕೊರಡಿನ ಕೆಳಗೆ ಇವನ್ನು ಕಂಡು, ಊಟದ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದ. ವಿಮಾನ ನಗರದ ಬಾಡಿಗೆ ಮನೆಯ ಕಿಟಕಿಯ ಪಕ್ಕದಲ್ಲಿ ಗಾಜಿನ ಪೆಟ್ಟಿಗೆಯಿಟ್ಟು, ಮಣ್ಣು, ಪಾಚಿ, ಒಣಗಿದ ಎಲೆ, ಕಲ್ಲುಗಳನ್ನು ಹರಡಿ, ದಿನವೂ ನೀರು ಚಿಮುಕಿಸಿ ಅವುಗಳಿಗೊಂದು ಪುಟ್ಟ ಕಾಡು ಮಾಡಿಕೊಟ್ಟಿದ್ದ. ಕಾರ್ಗೋ ಆಫೀಸಿನಲ್ಲಿ ದಿನವಿಡೀ ಊರವರ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿ ಬರುವ ಅವನಿಗೆ ಸಂಜೆ ಈ ಒಂದು ಪೆಟ್ಟಿಗೆಯ ಮುಂದೆ ಕೂತರೆ ಜೀವ ಹಗುರಾಗುತ್ತಿತ್ತು. ಹೆಂಡತಿ ರೇಣು, ಗುಟಕಾ ಚಟಕ್ಕಿಂತ ಇದು ವಾಸಿ ಎಂದು ಸಹಿಸಿಕೊಂಡಿದ್ದಳು.

ನಿಜ ಹೇಳಬೇಕೆಂದರೆ ಅವನ ಕೆಟ್ಟ ಚಟ ಬೇರೆಯೇ ಇತ್ತು. ಗೊತ್ತಿದ್ದ ಸಂಗತಿಯನ್ನು ಅರ್ಧಕ್ಕೆ ನಿಲ್ಲಿಸಲು ಅವನಿಗೆ ಬರುತ್ತಿರಲಿಲ್ಲ. ಗೆದ್ದ ಮೇಲೂ ಮಾತಾಡಿ ಸೋಲುವ ಮನುಷ್ಯ.

ಭಾನುವಾರ ಬೆಳಿಗ್ಗೆ ಕೆಳಮನೆಯಿಂದ ಚೀರಾಟ ಕೇಳಿಸಿತು. ಮನೆ ಮಾಲೀಕ ಅಪ್ಪಾಸಾಹೇಬರ ತಾಯಿ ಕಾಶವ್ವ, ಶಿವಪ್ರಕಾಶನ ಕಿಟಕಿಯ ನೇರ ಕೆಳಗಿನ ಕಟ್ಟೆಯ ಮೇಲೆ ಕೂತು ಮೆಣಸಿನ ಕಾಳು ಆರಿಸುತ್ತಿದ್ದರು. ಕೈಗೆತ್ತಿಕೊಂಡ ಒಂದು ಕಾಳು ಬಿಚ್ಚಿಕೊಂಡು, ಕಾಲು ಮೂಡಿಸಿ, ಅಂಗೈ ಮೇಲೆ ನಡೆಯತೊಡಗಿತು.

"ಯವ್ವಾ! ಮೆಣಸಿಗೆ ಜೀವಾ ಬಂತಲ್ಲೋ!"

ಸ್ವಲ್ಪ ಹೊತ್ತಿಗೆಲ್ಲ ಅಪ್ಪಾಸಾಹೇಬರು ಮೇಲೆ ಬಂದರು. ಅವರದು ಶಿರೂರಿನಲ್ಲಿ ಉಳ್ಳಾಗಡ್ಡಿ ವ್ಯಾಪಾರ. ಗೋದಾಮಿನಲ್ಲಿ ಔಷಧ ಹೊಡೆಯುವ ಪಂಪು ಬೆನ್ನ ಮೇಲಿತ್ತು.

"ಸರೀ ಅತ್ತಾಗ! ನಿಮ್ಮ ಮನ್ಯಾಗ ಹುಳಾ ಹುಟ್ಟ್ಯಾವ. ಮೂಲಿಮೂಲಿಗೆ ಹೊಡದ ಹೋಗ್ತೇನಿ."

ಶಿವಪ್ರಕಾಶ ಓಡಿಬಂದ. ಪೆಟ್ಟಿಗೆಗೆ ಅಡ್ಡ ನಿಂತು ಎರಡೂ ಕೈ ಚಾಚಿದ.

"ಹೊಡೀಬ್ಯಾಡ್ರಿ ಅಪ್ಪಾಸಾಹೇಬರ! ಇವು ಕಡಿಯಂಗಿಲ್ಲ, ಬ್ಯಾನಿ ತರಂಗಿಲ್ಲ. ಒಣಾ ಎಲಿ ತಿಂದು ಗೊಬ್ಬರಾ ಮಾಡ್ತಾವ್ರಿ, ಅಷ್ಟ."

ಗೊಬ್ಬರ ಎಂದ ಕೂಡಲೇ ಅಪ್ಪಾಸಾಹೇಬರ ಮುಖ ಸಡಿಲಾಯಿತು. ಪಂಪಿನ ಕೊಳವೆ ಕೆಳಗಿಳಿಯಿತು. "ಗೊಬ್ಬರಾ ಮಾಡೂ ಹುಳಾ ಅಂದ್ರ ಒಳ್ಳೇದ ಬಿಡು" ಎಂದು ಅವರು ಹೊರಡಲು ತಿರುಗಿದರು. ರೇಣು ಬಾಗಿಲು ಹಾಕಲು ಕೈಯಿಟ್ಟಳು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು.

"ಹಂಗ ನೋಡಿದ್ರ ಇವು ಹುಳಾನ ಅಲ್ರಿ" ಎಂದ ಶಿವಪ್ರಕಾಶ. "ಹುಳಕ್ಕ ಆರು ಕಾಲು, ಇವಕ್ಕ ಹದಿನಾಕು. ಇವು ಏಡಿ, ಸಿಗಡಿ ಬಳಗದ್ವು. ಸಿಗಡಿಯ ದಾಯಾದಿಗಳು ಅಂದ್ರೂ ನಡೀತದ."

ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ವಿಮಾನ ದಾಟುವವರೆಗೆ ಮಾತು ನಿಲ್ಲಿಸುವುದು ಆ ಕಟ್ಟಡದವರ ರೂಢಿ. ಎಲ್ಲರೂ ಸುಮ್ಮನೆ ನಿಂತರು. ಆ ಸದ್ದಿನಲ್ಲಿ ಅಪ್ಪಾಸಾಹೇಬರ ಮುಖ ನಿಧಾನವಾಗಿ ಕೆಂಪಾಗುವುದನ್ನು ರೇಣು ನೋಡಿದಳು.

"ಸಿಗಡಿ?" ಎಂದರು ಅವರು, ಸದ್ದು ಕರಗಿದ ಮೇಲೆ. "ನನ್ನ ಮನ್ಯಾಗ ಸಿಗಡಿ?"

ತತ್ತಿಯ ಸಿಪ್ಪೆ ಕೂಡ ಕಾಣದ ಅಡುಗೆಮನೆಯವರಿಗೆ ಮಾತ್ರ ಅವರು ಬಾಡಿಗೆಗೆ ಕೊಡುತ್ತಿದ್ದರು. ಹುಟ್ಟುಹಬ್ಬಕ್ಕೆ ಯಾವ ಬೇಕರಿಯ ಕೇಕು ತರುತ್ತೀರಿ ಎಂದು ಮೊದಲೇ ವಿಚಾರಿಸಿ ಬೀಗದ ಕೈ ಕೊಟ್ಟವರು.

ಗದ್ದಲ ಕೇಳಿ ಎದುರು ಮನೆಯ ಲೀಲಾಕ್ಷಿ ಹೊರಗೆ ಬಂದಳು. ಬೆಂಗಳೂರಿನ ಹುಡುಗಿ, ಸಾಫ್ಟ್‌ವೇರ್ ಕಂಪನಿಯವಳು. ಯಾರಿಗಾದರೂ ಸಹಾಯ ಮಾಡದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ.

"ಅಂಕಲ್, ಪ್ಲೀಸ್, ಟೆನ್ಷನ್ ಮಾಡ್ಕೋಬೇಡಿ. ನಾನು ಸೈಬರ್ ಕೆಫೇಲಿ ಇವುಗಳ ಬಗ್ಗೆ ಓದಿದೀನಿ. ಪಾಪದವು. ಮೀನಿನ ಥರ ಕಿವಿರಲ್ಲಿ ಉಸಿರಾಡ್ತವೆ, ಅದಕ್ಕೇ ತೇವ ಬೇಕು, ಅಷ್ಟೇ."

"ಮೀನೂ ಬಂತು" ಎಂದರು ಅಪ್ಪಾಸಾಹೇಬರು.

"ಅಯ್ಯೋ, ಇವನ್ನ ಯಾರೂ ತಿನ್ನಲ್ಲ ಅಂಕಲ್. ಐ ಮೀನ್, ಎಲ್ಲೋ ಕೆಲವರು ಫ್ರೈ ಮಾಡಿ ತಿಂತಾರಂತೆ, ಬಟ್ ಇಲ್ಲಲ್ಲ."

ರೇಣು ಮುಂದೆ ಬಂದಳು. "ಕಾಕಾ, ನೀವ ವಿಚಾರ ಮಾಡ್ರಿ. ಇವು ತಿನ್ನೂದು ಬರೇ ಎಲಿ, ಗಜ್ಜರಿ, ಸೌತಿಕಾಯಿ. ನಮಗಿಂತ ಹೆಚ್ಚು ಶಾಕಾಹಾರಿ ಅದಾವ."

ವಾದ ಬಲವಾಗಿತ್ತು. ಅಪ್ಪಾಸಾಹೇಬರು ಗಡ್ಡ ಕೆರೆದುಕೊಂಡರು. ಸಿಗಡಿ ತಾನೇ ಶಾಕಾಹಾರಿಯಾಗಿದ್ದರೆ ಅದನ್ನು ಯಾವ ಸಾಲಿನಲ್ಲಿ ಕೂರಿಸಬೇಕೆಂದು ಅವರಿಗೆ ಬಗೆಹರಿಯಲಿಲ್ಲ.

"ಬರೇ ಎಲಿ ಅಂತಿಲ್ಲ" ಎಂದ ಶಿವಪ್ರಕಾಶ. "ಒಮ್ಮೊಮ್ಮೆ ಸತ್ತ ಹುಳಾನೂ..."

ರೇಣು ಅವನ ತೋಳು ಚಿವುಟಿದಳು. ಆದರೆ ಮಾತು ಹೊರಬಿದ್ದಾಗಿತ್ತು.

"ಸಾಕು!" ಅಪ್ಪಾಸಾಹೇಬರ ತೀರ್ಪು ಬಂತು. "ಸಂಜಿ ದೀಪಾ ಹಚ್ಚೂದ್ರಾಗ ಈ ಪೆಟಗಿ ಹೊರಗ ಹೋಗಬೇಕು. ಇಲ್ಲಂದ್ರ ನೀವು ಹೋಗ್ರಿ."

ಆ ಮಧ್ಯಾಹ್ನ ಶಿವಪ್ರಕಾಶ ಊಟ ಮಾಡಲಿಲ್ಲ. ಸೌತೆಕಾಯಿಯ ಹೋಳು ಇಟ್ಟು, ತಪ್ಪಿಸಿಕೊಂಡು ಮೂಲೆ ಸೇರಿದ್ದವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಪೆಟ್ಟಿಗೆಗೆ ಬಿಟ್ಟು, ತೊಗಟೆಯನ್ನು ಮಲಗಿಸಿ ಮುಚ್ಚಳ ಸರಿಮಾಡಿದ. ಬೇಲಿ ಪಕ್ಕದ ಗಟಾರಕ್ಕೆ ಬಿಡೋಣವೆಂದರೆ ಅಲ್ಲಿ ಫಿನಾಯಿಲು. ಭೋರಿಗೆ ಒಯ್ಯೋಣವೆಂದರೆ ಸಂಜೆಯೊಳಗೆ ಹೋಗಿ ಬರಲಾಗದು. ಲೀಲಾಕ್ಷಿಯ ಮನೆಯಲ್ಲಿಡೋಣವೆಂದರೆ ಅದೂ ಅಪ್ಪಾಸಾಹೇಬರದೇ. ಗಾಜಿಗೆ ಹಣೆ ಹಚ್ಚಿ ಕೂತ ಅವನಿಗೆ ಅಳುವೇ ಬಂತು. ಅದನ್ನು ಕಂಡು ರೇಣುವಿಗೂ ಕೆಟ್ಟೆನಿಸಿತು. "ಇಷ್ಟ್ಯಾಕ ಹಚಗೊಂಡ್ರಿ ಇವನ್ನ?" ಎಂದು ಬೆನ್ನು ಸವರಿದಳು.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಸದ್ದಾಯಿತು. ಅಪ್ಪಾಸಾಹೇಬರಲ್ಲ, ಕಾಶವ್ವ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದರು.

"ಸಿಗಡಿ ಅಂತಾರಲ್ಲಪಾ, ಹುಟ್ಟಿದಾಗಿಂದ ನೋಡಿಲ್ಲ. ಹೊರಗ ಹಾಕೂಕಿಂತ ಮದಲ ಒಮ್ಮೆ ತೋರಸು."

ಸೆರಗಿನಿಂದ ಚಾಳೀಸು ಒರೆಸಿಕೊಂಡು ಅವರು ಪೆಟ್ಟಿಗೆಯ ಮುಂದೆ ಕೂತರು. ಪಾಚಿ ನೋಡಿದರು, ತೊಗಟೆ ನೋಡಿದರು. ದಪ್ಪನೆಯದೊಂದು ಗಾಜಿಗೆ ಹೊಟ್ಟೆ ಕೊಟ್ಟು ಎದ್ದು ನಿಂತಿತ್ತು.

"ಇದರ ಹೊಟ್ಟಿಗೆ ಬೆಳ್ಳಗ ಜ್ವಾಳದ ನುಚ್ಚು ಹತ್ತಿದಂಗ ಅದಲ್ಲ, ಏನದು?"

"ಮರಿ ಅದಾವ್ರಿ ಆಯಿ. ತಾಯಿ ಹೊಟ್ಟಿಗೆ ಒಂದು ಚೀಲ ಇರ್ತದ. ಅದರಾಗ ನೀರು ತುಂಬಿ ಮರಿಗಳನ್ನ ಇಟಗೊಂಡು ತಿರಗತದ. ಇವತ್ತೋ ನಾಳೆನೋ ಹೊರಗ ಬರ್ತಾವ."

ಕಾಶವ್ವ ಆ ಹೊಟ್ಟೆಯ ನೇರಕ್ಕೆ ಗಾಜಿನ ಮೇಲೆ ಅಂಗೈ ಇಟ್ಟರು. ಮನೆತನದ ಎಲ್ಲ ಹೆಣ್ಣುಮಕ್ಕಳ ಬಾಣಂತನ ಮಾಡಿದ ಕೈ ಅವರದು. ಈಗಿನವರು ಆಸ್ಪತ್ರೆ, ಡಾಕ್ಟರು ಎಂದು ಹೊರಟ ಮೇಲೆ ಆ ಕೈಗೆ ಕೆಲಸವಿಲ್ಲದೆ ಮೆಣಸು ಆರಿಸುತ್ತ ಕೂತಿತ್ತು. ಆಮೇಲೆ ಅವರು ಕಿಟಕಿಯಿಂದ ಕೂಗಿದ ಕೂಗಿಗೆ ಅಪ್ಪಾಸಾಹೇಬರು ಚಪ್ಪಲಿ ಹಾಕಿಕೊಳ್ಳದೆ ಓಡಿಬಂದರು.

"ಏನೋ ಅಪ್ಪಾ, ದಿನಾ ತುಂಬಿದಾಕಿನ್ನ ದೀಪಾ ಹಚ್ಚೂ ಹೊತ್ತಿನ್ಯಾಗ ಹೊರಗ ಹಾಕಾಕ ನಿಂತಿ? ಹಂತಾ ಕೆಲಸಾ ನಮ್ಮ ಮನಿತನದಾಗ ಯಾರರ ಮಾಡ್ಯಾರೇನು?"

"ಅವ್ವಾ, ಅದು ಸಿಗಡಿ."

"ಸಿಗಡಿ ಆದ್ರೇನು, ಬಸರಿ ಹೌದಲ್ಲೋ?"

ಅಪ್ಪಾಸಾಹೇಬರು ವಿಮಾನವೊಂದು ಬಂದೀತೇ ಎಂದು ಕಿಟಕಿಯತ್ತ ನೋಡಿದರು. ಬರಲಿಲ್ಲ. ಶಿವಪ್ರಕಾಶ ಕಾಶವ್ವನ ಕಾಲಿಗೆ ಬಿದ್ದೇಬಿಟ್ಟ.

"ಏಳಪಾ. ಆದ್ರ ಇಲ್ಲಿ ಬ್ಯಾಡ. ಗಾಳಿ ಭಾಳ, ಮ್ಯಾಲ ವಿಮಾನದ ಗದ್ಲ. ನಿನ್ನ ಹೇಣ್ತಿ ಸಣ್ಣಾಕಿ, ಅಕಿಗೇನ ತಿಳೀತದ? ಬಾಣಂತನ ತವರಮನ್ಯಾಗ ಆಗಬೇಕು. ನಮ್ಮ ಮನೀನ ತವರಮನಿ ಅಂತ ತಿಳಿ. ಇಬ್ಬರೂ ಹಿಡೀರಿ, ಅಲುಗಾಡಿಸದ ಇಳಸ್ರಿ."

ಶಿವಪ್ರಕಾಶ ಒಂದು ಕಡೆ, ಅಪ್ಪಾಸಾಹೇಬರು ಒಂದು ಕಡೆ ಹಿಡಿದು ಪೆಟ್ಟಿಗೆಯನ್ನು ಮೆಟ್ಟಿಲಿಳಿಸಿದರು. ಸಿಗಡಿಯ ಬಳಗವನ್ನು ಎದೆಗವಚಿಕೊಂಡು ಅಪ್ಪಾಸಾಹೇಬರು ತಮ್ಮದೇ ಹೊಸ್ತಿಲು ದಾಟುವುದನ್ನು ಲೀಲಾಕ್ಷಿ ಮೆಟ್ಟಿಲ ಮೇಲಿನ ಕಟಕಟೆ ಹಿಡಿದು ನೋಡಿದಳು. ಒಳಕೋಣೆಯ ಕತ್ತಲೆಯ ಮೂಲೆಯಲ್ಲಿ ಜಾಗವಾಯಿತು. ಕಾಶವ್ವ ಬಾಣಂತಿಗೆಂದು ಲೋಬಾನದ ಹೊಗೆ ಹಾಕಲು ಹೊರಟಿದ್ದರು. ಶಿವಪ್ರಕಾಶ ಕೈಮುಗಿದು, ಬರೀ ನೀರು ಚಿಮುಕಿಸಿದರೆ ಸಾಕೆಂದು ಒಪ್ಪಿಸಿದ.

ಮೇಲೆ ಖಾಲಿ ಕಿಟಕಿ ನೋಡಲಾರದೆ ಅವನು ಒಂದು ಗಜ್ಜರಿ ಹಿಡಿದು, ರೇಣುವನ್ನು ಕರೆದುಕೊಂಡು ಮತ್ತೆ ಕೆಳಗೆ ಬಂದ. ಕಾಶವ್ವ ಪೆಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಮೊಣಕಾಲು ನೋವಿನ ಮಾತೇ ಇರಲಿಲ್ಲ.

"ಬಾಣಂತನ ಮುಗದ ಮ್ಯಾಲ ನಾ ಒಯ್ಲ್ಯಾ ಆಯಿ?" ಎಂದು ಕೇಳಿದ ಮೆಲ್ಲಗೆ.

"ಒಯ್ಯಪಾ, ನಿನ್ನವ ಅವು. ನಾ ಯಾಕ ಇಟಗೊಳ್ಳಿ? ಅಪ್ಪಾನೂ ಏನೂ ಅನ್ನಂಗಿಲ್ಲ, ನಾ ಹೇಳ್ತೇನಿ."

ಶಿವಪ್ರಕಾಶನಿಗೆ ಹೋದ ಜೀವ ಬಂದ ಹಾಗಾಯಿತು. ರೇಣು ಅವನ ಅಂಗಿಯ ತುದಿ ಹಿಡಿದು ಬಾಗಿಲ ಕಡೆ ಎಳೆದಳು. ಹೊಸ್ತಿಲವರೆಗೆ ಬಂದೂ ಇದ್ದರು.

"ಹಂಗಂದ್ರೂ ಆಯಿ" ಎಂದು ಅವನು ತಿರುಗಿದ, "ಈಕಿದು ಮುಗಿಯೂದ್ರಾಗ ಇನ್ನೊಬ್ಬಾಕಿ ಬಸರಿ ಆಗಿರ್ತಾಳ್ರಿ. ಮಳಿಗಾಲದಾಗಂತೂ ಒಬ್ಬಾಕಿ ಹಿಂದ ಒಬ್ಬಾಕಿ. ಈಗ ಹುಟ್ಟೂ ಮರಿಗಳೂ ಬರೂ ವರ್ಷ ತಾಯಿ ಆಗ್ತಾವ."

ಕಾಶವ್ವನ ಮುಖ ಅರಳಿತು. ಎಷ್ಟೋ ವರ್ಷಗಳ ನಂತರ ಅವರ ಮುಂದೆ ಮುಗಿಯದ ಕೆಲಸವೊಂದು ಬಿದ್ದಿತ್ತು.

"ಅಪ್ಪಾ!" ಎಂದು ಮಗನನ್ನು ಕೂಗಿದರು. "ಈ ಮೂಲ್ಯಾಗಿನ ಟ್ರಂಕು ತಗದು ಹೊರಗ ಇಡು. ಇವರು ಇನ್ನ ಇಲ್ಲೇ ಇರ್ತಾರ."

ರೇಣು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಕಾಶವ್ವ ಗಜ್ಜರಿಯನ್ನು ತಿರುಗಿಸಿ ನೋಡಿದರು.

"ನೀ ದಿನಾ ಬಾರಪಾ, ಯಾರು ಬ್ಯಾಡ ಅಂದಾರ? ಆದ್ರ ಇಷ್ಟು ಮಂದೀನ್ನ ನೋಡಾಕ ಬರಾವ ಒಂದ ಗಜ್ಜರಿ ಹಿಡಕೊಂಡ ಬರ್ತಾನೇನು?"

ಶಿವಪ್ರಕಾಶ ಇನ್ನೊಂದು ಗಜ್ಜರಿ ತರಲು ಮೆಟ್ಟಿಲು ಹತ್ತಿದ.