ಬೊಬ್ಲಿಂಗೆನ್ ಕನ್ನಡ ಬಳಗದ ಮೌನದ ದಿಂಬು

ಜರ್ಮನಿಯ ಬೊಬ್ಲಿಂಗೆನ್ ಕನ್ನಡ ಬಳಗಕ್ಕೆ ಸ್ಥಿರಾಸ್ತಿ ಇಲ್ಲ. ಚರಾಸ್ತಿ ಎಂದರೆ ಒಂದು ದಿಂಬು. ದೊಡ್ಡ ಕರ್ಜಿಕಾಯಿಯ ಆಕಾರದ, ಒಳಗೆ ಧಾನ್ಯದ ಹೊಟ್ಟು ತುಂಬಿದ ಈ ದಿಂಬು ಬಳಗದ ಆಡಳಿತದಲ್ಲಿ ಇಂದು ಪಡೆದಿರುವ ಸ್ಥಾನಕ್ಕೆ ಮಿಸೆಸ್ ಕಾಂತಾ ಹನುಮಂತರಾಯರೇ ಕಾರಣ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯಲು ಬಾಯಿ ತೆರೆಯಬೇಕು, ಅದಕ್ಕೆ ಅವಕಾಶವಿಲ್ಲ.

ಮಿಸೆಸ್ ಕಾಂತಾ ಹನುಮಂತರಾಯರು ಮೈಸೂರಿನ ಒಂದು ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಇಂಗ್ಲಿಷ್ ಕಲಿಸಿ, ವೈಸ್ ಪ್ರಿನ್ಸಿಪಾಲ್ ಆಗಿ ನಿವೃತ್ತರಾದವರು. ಜನ ಅವರನ್ನು ಕಾಂತಮ್ಮ ಎನ್ನುತ್ತಾರೆ. ಅವರು ತಿದ್ದುತ್ತಾರೆ. ಜನ ಮತ್ತೆ ಕಾಂತಮ್ಮ ಎನ್ನುತ್ತಾರೆ. ಮಗಳು ಸಿಂಚನಾಳ ಬಾಣಂತನಕ್ಕೆಂದು ಗಂಡನನ್ನೂ ಕರೆದುಕೊಂಡು ಅವರು ಜರ್ಮನಿಗೆ ಬಂದಿಳಿದಾಗ, ಭಾಷೆಯ ವಿಷಯದಲ್ಲಿ ಅವರಿಗೆ ಲವಲೇಶವೂ ಅಳುಕಿರಲಿಲ್ಲ. ರೋಮನ್ ಅಕ್ಷರದಲ್ಲಿ ಬರೆದದ್ದು ಏನೇ ಇರಲಿ, ಇಂಗ್ಲಿಷ್ ಬಲ್ಲವರು ಓದಿ ಅರ್ಥ ಮಾಡಿಕೊಳ್ಳಬಲ್ಲರು ಎಂಬುದು ಅವರ ಸಿದ್ಧಾಂತ. ಜರ್ಮನ್ ಎಂದರೆ ಸ್ಪೆಲಿಂಗ್ ಕಲಿಯದವರ ಇಂಗ್ಲಿಷ್. ಮಿಲ್ಕ್ ಎಂಬುದನ್ನು ಇವರು ಮಿಲ್ಶ್ ಎಂದು ಬರೆದುಕೊಂಡಿದ್ದರು. ಹಾಗೆ ಬರೆದ ಮಕ್ಕಳಿಗೆ ಕಾಂತಮ್ಮನವರು ಎಷ್ಟೋ ಸಲ ಇಂಪೊಸಿಷನ್ ಕೊಟ್ಟಿದ್ದರು. ಇಲ್ಲಿ ಒಂದು ದೇಶಕ್ಕೇ ಕೊಡಬೇಕಾಗಿತ್ತು.

ಆದರೆ ಮನೆಯೊಳಗೆ ಅದಕ್ಕಿಂತ ದೊಡ್ಡ ಚಿಂತೆಯಿತ್ತು. ಕೂಸು ತೂಕ ಏರುತ್ತಿರಲಿಲ್ಲ.

ಇಲ್ಲಿ ಪರೀಕ್ಷೆ ಪಾಸಾದ ಸೂಲಗಿತ್ತಿಯರು ಮನೆಗೇ ಬರುತ್ತಾರೆ, ಹೆಬಾಮೆ ಎನ್ನುತ್ತಾರೆ. ಆಕೆ ಕೂಸನ್ನು ಬಟ್ಟೆಯ ಜೋಲಿಯಲ್ಲಿಟ್ಟು ತೂಕದ ಕೊಕ್ಕೆಗೆ ನೇತುಹಾಕಿ ನೋಡಿ, ತುಟಿ ಬಿಗಿಹಿಡಿದು, ಮುಂದಿನ ಸಲವೂ ಹೀಗೇ ಇದ್ದರೆ ಡಬ್ಬಿ ಹಾಲು ಶುರುಮಾಡಬೇಕಾಗುತ್ತದೆ ಎಂದು ಹೇಳಿಹೋದಳು. ಸಿಂಚನಾ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಕಾಂತಮ್ಮನವರ ವಂಶದಲ್ಲಿ ಯಾರೂ ಫೇಲಾದದ್ದಿಲ್ಲ. ಅವರು ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಇವುಗಳ ಜೊತೆಗೆ ಸಲಹೆಯನ್ನೂ ಹೆಚ್ಚಿಸಿದರು. ಸಿಂಚನಾ ಕೂಸನ್ನು ಎದೆಗೆ ಹಚ್ಚಿಕೊಂಡಳೋ ಇಲ್ಲವೋ, ಎದುರಿನ ಕುರ್ಚಿಯಿಂದ ಶುರುವಾಗುತ್ತಿತ್ತು:

"ಬೆನ್ನು ನೆಟ್ಟಗೆ. ನೀನು ಕೂತಿರೋದು ಬಸ್ ಸ್ಟ್ಯಾಂಡಿನಲ್ಲಲ್ಲ. ತಲೆ ಹಿಡಿ. ಹಾಗಲ್ಲ. ನೀನು ಹುಟ್ಟಿದಾಗ ನಾನು ಹೇಗೆ ಹಿಡೀತಿದ್ದೆ ಗೊತ್ತಾ?"

"ನನಗೆ ಹೇಗೆ ಗೊತ್ತಿರತ್ತೆ ಮಮ್ಮಿ?"

"ಎದುರುತ್ತರ ಬೇಡ."

ಅಷ್ಟರಲ್ಲಿ ಕೂಸು ಹಾಲು ಬಿಟ್ಟು, ಕತ್ತು ಹೊರಳಿಸಿ, ಅಜ್ಜಿಯನ್ನೇ ನೋಡುತ್ತಿರುತ್ತಿತ್ತು. ಆ ಮನೆಯಲ್ಲಿ ಕಾಂತಮ್ಮನವರ ಮಾತನ್ನು ಗಮನವಿಟ್ಟು ಕೇಳುತ್ತಿದ್ದ ಜೀವ ಅದೊಂದೇ.

ಇದೇ ಹೊತ್ತಿಗೆ ಬಳಗದ ಅಧ್ಯಕ್ಷ ಹಾಲಸಿದ್ದಪ್ಪನವರು ಕೂಸನ್ನು ನೋಡಲು ಬಂದರು. ಗೋಕಾಕದವರು, ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರು, ಹಿರಿಯರನ್ನು ಕಂಡರೆ ಏನಾದರೂ ಜವಾಬ್ದಾರಿ ಕೊಡದೆ ಹೋಗುವವರಲ್ಲ.

"ಅಕ್ಕಾರ, ನಮ್ಮ ಹುಡುಗ್ರು ಕೂಸು ಹುಟ್ಟಿದ್ರ ಸಾಕು, ಅಂಗಡಿಗಟ್ಲೆ ಸಾಮಾನು ತರ್ತಾರ್ರೀ. ಬೇಕಾದ್ದ ಒಂದು ಮರೀತಾರ. ಏನು ಬೇಕು, ಏನು ಬ್ಯಾಡ, ನೀವೊಂದೀಟು ಹೇಳಿಬಿಡ್ರಿ."

ಒಂದೀಟು ಹೇಳುವುದು ಕಾಂತಮ್ಮನವರಿಗೆ ಬರುತ್ತಿರಲಿಲ್ಲ. ಹಾಲಸಿದ್ದಪ್ಪನವರು ಕಾಫಿ ಮುಗಿಸುವುದರೊಳಗೆ 'ಅಲಕ್ಷಿತ ಆದರೂ ಉಪಯುಕ್ತ ಶಿಶುಸಾಮಗ್ರಿ ಉಪಸಮಿತಿ' ಅಸ್ತಿತ್ವಕ್ಕೆ ಬಂದಿತ್ತು. ಅಧ್ಯಕ್ಷೆ ಯಾರೆಂದು ಹೇಳಬೇಕಾಗಿಲ್ಲ.

ಮೊದಲ ಸಭೆ ಮಗಳ ಮನೆಯ ಹಾಲ್‌ನಲ್ಲೇ ನಡೆಯಿತು. ಮೂಲೆಯ ಸೋಫಾದಲ್ಲಿ ಸಿಂಚನಾ ಕೂಸನ್ನು ಹೆಗಲಿಗೆ ಹಾಕಿಕೊಂಡು ತೂಕಡಿಸುತ್ತಿದ್ದಳು. ಅವಳ ಗಂಡ ತೇಜಸ್ವಿ ಕುರ್ಚಿ ಜೋಡಿಸಿದ. ಹನುಮಂತರಾಯರು ಕಿಟಕಿಯ ಪಕ್ಕದಲ್ಲಿ, ಮದುವೆಯಾದಂದಿನಿಂದ ಕೂತ ಹಾಗೆ, ಸುಮ್ಮನೆ ಕೂತಿದ್ದರು.

ಸ್ನಾನದ ನೀರಿನ ಥರ್ಮಾಮೀಟರ್ ಸಭೆಯ ಮುಂದೆ ಬಂತು. "ದೇವರು ಮೊಣಕೈ ಕೊಟ್ಟಿದ್ದಾನೆ" ಎಂದು ಅಧ್ಯಕ್ಷೆ ತಿರಸ್ಕರಿಸಿದರು. ಆಮೇಲೆ ರಫಿಯಾ ಒಂದು ರಬ್ಬರ್ ನಳಿಗೆ ಎತ್ತಿ ತೋರಿಸಿದಳು. ರಫಿಯಾ ದಾವಣಗೆರೆಯವಳು, ಸಾಫ್ಟ್‌ವೇರ್ ಕಂಪನಿಯಲ್ಲಿ ತಪ್ಪು ಹುಡುಕುವುದೇ ಕೆಲಸ. ಎರಡು ಮಕ್ಕಳನ್ನು ಇಲ್ಲೇ ಹೆತ್ತು ಸಾಕಿದವಳು.

"ಇದು ಮೂಗು ಕಟ್ಟಿದ್ರೆ ಆಂಟಿ. ಒಂದು ತುದಿ ಮಗು ಮೂಗಲ್ಲಿ, ಇನ್ನೊಂದು ತುದಿ ನಮ್ಮ ಬಾಯಲ್ಲಿ."

"ಬಾಯಲ್ಲಿ?"

"ನಡುವೆ ಫಿಲ್ಟರ್ ಇರತ್ತೆ."

"ಉಪಸಮಿತಿ ಇದನ್ನು ಕೇಳಿಸಿಕೊಂಡಿಲ್ಲ ಎಂದು ದಾಖಲಿಸತಕ್ಕದ್ದು."

ಕಾಂತಮ್ಮನವರೇ ಮೈಸೂರಿನಿಂದ ತಂದಿದ್ದ, ಮೂತಿಯಿಂದ ಹಾಲು ಕುಡಿಸುವ ಬೆಳ್ಳಿಯ ಒಳಲೆ ಮಾತ್ರ ಸರ್ವಾನುಮತದಿಂದ ಅಂಗೀಕಾರವಾಯಿತು. ಸೂಚಕರು, ಅನುಮೋದಕರು, ಸರ್ವರು, ಎಲ್ಲರೂ ಅಧ್ಯಕ್ಷೆಯೇ.

ಕೊನೆಗೆ ರಫಿಯಾ ಆ ಕರ್ಜಿಕಾಯಿ ದಿಂಬನ್ನು ಮುಂದಿಟ್ಟಳು. ಕಾಂತಮ್ಮನವರು ಕನ್ನಡಕ ಸರಿಪಡಿಸಿಕೊಂಡು ಅದರ ಚೀಟಿ ಓದಿದರು. "ಸ್ಟಿಲ್... ಕಿಸ್ಸೆನ್." ಅವರ ಮುಖ ಕೆಂಪಾಯಿತು. "ರಫಿಯಾ, ಇದು ಗಂಡಹೆಂಡಿರ ಕೋಣೆಯ ವಿಷಯ. ಉಪಸಮಿತಿಯ ಮುಂದೆ ತರತಕ್ಕದ್ದಲ್ಲ."

"ಅಯ್ಯೋ ಇಲ್ಲ ಆಂಟಿ, ಕಿಸ್ಸೆನ್ ಅಂದ್ರೆ ಇವರಲ್ಲಿ ದಿಂಬು. ಶ್ಟಿಲ್ ಅಂದ್ರೆ..."

"ಸ್ಟಿಲ್ ಅಂದರೆ ಏನೆಂದು ನನಗೆ ಹೇಳಿಕೊಡಬೇಕಾಗಿಲ್ಲ." ಕಾಂತಮ್ಮನವರು ಕೈ ಎತ್ತಿದರು. "ನಿಶ್ಚಲ. ನಿಶ್ಶಬ್ದ. ಇದು ಮೌನದ ದಿಂಬು."

ಜರ್ಮನ್ ಭಾಷೆಯಲ್ಲಿ ಸ್ಟಿಲೆನ್ ಎಂದರೆ ಮೊಲೆಯೂಡಿಸುವುದು. ಸ್ಟಿಲ್‌ಕಿಸ್ಸೆನ್ ಎಂದರೆ ಹಾಲೂಡಿಸುವಾಗ ತಾಯಿ ಮಡಿಲಿಗಿಟ್ಟುಕೊಳ್ಳುವ ದಿಂಬು; ಬೆನ್ನು, ತೋಳು ಎರಡೂ ನೋಯದೆ ಉಳಿಯುತ್ತವೆ. ಇದು ಆ ಕೋಣೆಯಲ್ಲಿ ಅಧ್ಯಕ್ಷೆಯೊಬ್ಬರ ಹೊರತು ಎಲ್ಲರಿಗೂ ಗೊತ್ತಿತ್ತು. ಈಗ ಓದುಗರಿಗೂ ಗೊತ್ತಾಯಿತು.

ಕಾಂತಮ್ಮನವರಿಗೆ ಮಾತ್ರ ಎಲ್ಲವೂ ಸ್ಪಷ್ಟವಾಗತೊಡಗಿತು. ಹಿಂದಿನ ವಾರ ಊರಿನ ದೊಡ್ಡ ಅಂಗಡಿಯಲ್ಲಿ ಸ್ಟಿಲ್‌ರೌಮ್ ಎಂಬ ಬಾಗಿಲು ಕಂಡು, ನಿಶ್ಶಬ್ದದ ಕೋಣೆಯೆಂದುಕೊಂಡು, ದಣಿವಾರಿಸಿಕೊಳ್ಳಲು ಒಳಗೆ ಹೋಗಿದ್ದರು. ತಾಯಂದಿರು ಸಾಲಾಗಿ ಕೂತು ಮಕ್ಕಳಿಗೆ ಹಾಲೂಡಿಸುತ್ತಿದ್ದರು, ಒಬ್ಬಳೂ ಹರಟುತ್ತಿರಲಿಲ್ಲ. ಒಬ್ಬಳು ಸರಿದು ಜಾಗ ಕೊಟ್ಟಳು. ಕಾಂತಮ್ಮನವರು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಅವರ ನಡುವೆ ಒಂದಷ್ಟು ಹೊತ್ತು ಕೂತು, ಈ ದೇಶದ ಶಿಸ್ತನ್ನು ಮನಸಾರೆ ಮೆಚ್ಚಿ ಎದ್ದುಬಂದಿದ್ದರು.

ಅವರು ಅಲ್ಲೇ ನಿಯಮ ರೂಪಿಸಿದರು: "ದಿಂಬು ಯಾರ ಮಡಿಲಲ್ಲಿರುತ್ತದೆಯೋ, ಅದು ಅಲ್ಲಿಂದ ಏಳುವವರೆಗೆ ಆ ಕೋಣೆಯಲ್ಲಿ ಯಾರೂ, ಅಧ್ಯಕ್ಷೆಯೂ ಸೇರಿದಂತೆ, ಮಾತನಾಡತಕ್ಕದ್ದಲ್ಲ."

ತಪ್ಪು ಹುಡುಕುವ ಕಸುಬಿನ ರಫಿಯಾ ಬಾಯಿ ತೆರೆದಳು. ಅಷ್ಟರಲ್ಲಿ ಮೂಲೆಯಲ್ಲಿ ತೂಕಡಿಸುತ್ತಿದ್ದ ಸಿಂಚನಾ ತಟ್ಟನೆ ತಲೆ ಎತ್ತಿದಳು.

"ರಫಿಯಾ, ಮಮ್ಮಿ ಹೇಳೋದು ಸರಿ."

ಹೈಸ್ಕೂಲು ಮುಗಿದ ಮೇಲೆ ಮಗಳ ಬಾಯಿಂದ ಈ ಮಾತು ಬಂದದ್ದು ಅದೇ ಮೊದಲು. ಕಾಂತಮ್ಮನವರ ಕಣ್ಣು ಸ್ವಲ್ಪ ಒದ್ದೆಯಾಯಿತು. ಅವರೇ ಎದ್ದು ದಿಂಬನ್ನು ಮಗಳ ಮಡಿಲಿಗಿಟ್ಟರು. ಮೌನ ಕವಿಯಿತು. ಕೂಸು ಒಮ್ಮೆ ಅಜ್ಜಿಯತ್ತ ಕತ್ತು ಹೊರಳಿಸಿತು. ಅಲ್ಲಿ ಏನೂ ಕಾರ್ಯಕ್ರಮವಿಲ್ಲವೆಂದು ಖಚಿತವಾದ ಮೇಲೆ ಹಾಲಿಗೆ ತಿರುಗಿತು. ಗುಟುಕಿನ ಸದ್ದು ಎಲ್ಲರಿಗೂ ಕೇಳಿಸಿತು.

ಅಂದಿನಿಂದ ಆ ಮನೆಯಲ್ಲಿ ದಿಂಬಿನ ಬಳಕೆ ಹೆಚ್ಚಿತು. ಕೂಸು ಅಳುವ ಮೊದಲೇ ಸಿಂಚನಾ ದಿಂಬು ಕೇಳುತ್ತಿದ್ದಳು. ಕೂಸು ಮಲಗಿದ ಮೇಲೂ ಅದು ಮಡಿಲಲ್ಲೇ ಇರುತ್ತಿತ್ತು. ಒಂದು ದಿನ ತೇಜಸ್ವಿಯೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ. ಇಟ್ಟುಕೊಳ್ಳುವ ಮುನ್ನ "ಆಫೀಸ್ ಕಾಲ್ ಇದೆ ಅತ್ತೆ" ಎಂದಿದ್ದ. ಅಳಿಯನ ಶಿಸ್ತಿಗೆ ಕಾಂತಮ್ಮನವರು ತಲೆಯಾಡಿಸಿದರು. ಮಾತಾಡುವಂತಿರಲಿಲ್ಲ.

ಇಷ್ಟು ಒಳ್ಳೆಯ ವ್ಯವಸ್ಥೆ ಒಂದೇ ಮನೆಗೆ ಸೀಮಿತವಾಗುವುದು ನ್ಯಾಯವಲ್ಲ. ಮೇಲಿನ ಮನೆಯವರು ಗೋಡೆಗೆ ಡ್ರಿಲ್ಲು ಹೊಡೆಯುತ್ತಿದ್ದರು. ಕಾಂತಮ್ಮನವರು ಬಸ್ಸಿನಲ್ಲಿ ಕೇಳಿ ಕಲಿತ 'ಬಿಟ್ಟೆ' ಮತ್ತು 'ಆಲೆ', ಅಂದರೆ 'ದಯವಿಟ್ಟು' ಮತ್ತು 'ಎಲ್ಲರೂ', ಎಂಬ ಎರಡು ಪದಗಳನ್ನು ಮುಂದಿಟ್ಟುಕೊಂಡರು. ಇಲ್ಲಿಯ ಕ್ರಿಯಾಪದಗಳ ಬಾಲಕ್ಕೆ 'ಎನ್' ಹತ್ತುತ್ತದೆಂದು ಅಳಿಯ ಎಂದೋ ಹೇಳಿದ್ದ. ಮರುದಿನ ಲಿಫ್ಟಿನ ಬಾಗಿಲಿಗೆ, ಕಾನ್ವೆಂಟಿನ ದುಂಡನೆಯ ಅಕ್ಷರದಲ್ಲಿ, ಫಲಕ ಏರಿತು: 'ಬಿಟ್ಟೆ ಆಲೆ ಸ್ಟಿಲೆನ್.' ದಯವಿಟ್ಟು ಎಲ್ಲರೂ ಮೌನವಾಗಿರಿ ಎಂಬುದು ಉದ್ದೇಶ. ದಯವಿಟ್ಟು ಎಲ್ಲರೂ ಮೊಲೆಯೂಡಿಸಿ ಎಂಬುದು ಅರ್ಥ.

ಬೇರೆಲ್ಲಾದರೂ ಇಂಥ ಫಲಕಕ್ಕೆ ಜನ ಸೇರುತ್ತಿದ್ದರು. ಇಲ್ಲಿ ಉಪನಿಯಮ ಸೇರಿತು. ಕಟ್ಟಡದ ಆಡಳಿತ ನೋಡಿಕೊಳ್ಳುವ ಹೌಸ್‌ಫರ್ವಾಲ್ಟುಂಗ್‌ನವರು ಅದರ ಕೆಳಗೆ ತಮ್ಮದೊಂದು ಫಲಕ ಅಂಟಿಸಿದರು: ಸ್ಟಿಲೆನ್‌ಗೆ ಆಡಳಿತದ ಆಕ್ಷೇಪವಿಲ್ಲ, ಆದರೆ ಬೆಂಕಿ ಸುರಕ್ಷತೆಯ ದೃಷ್ಟಿಯಿಂದ ಮೆಟ್ಟಿಲ ಮೇಲೆ ಕೂತು ಮಾಡುವಂತಿಲ್ಲ, ಸೈಕಲ್ ಕೋಣೆಯಲ್ಲಿ ಮಾಡುವವರು ದೀಪ ಆರಿಸಿ ಹೋಗಬೇಕು. ಕಾಂತಮ್ಮನವರಿಗೆ ಅದರಲ್ಲಿ ಸ್ಟಿಲೆನ್ ಎಂಬ ಪದ ಗುರುತು ಸಿಕ್ಕಿತು. ಅಧಿಕಾರಿಗಳ ಬೆಂಬಲ ಇಷ್ಟು ಬೇಗ ಸಿಗುತ್ತದೆಂದು ಅವರು ಎಣಿಸಿರಲಿಲ್ಲ.

ಎರಡು ದಿನ ಬಿಟ್ಟು ಕೆಳಮನೆಯ ವೃದ್ಧರು ಬಾಗಿಲು ತಟ್ಟಿದರು. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದವರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೋಪಿ. ನಿಧಾನವಾದ ಇಂಗ್ಲಿಷಿನಲ್ಲಿ ಮಾತಾಡಿದರು.

"ಮೇಡಂ, ಕೆಳಗಿನ ಫಲಕ ನಿಮ್ಮದೆಂದು ತಿಳಿಯಿತು. ನಾನು ಮನೆಯ ನಿಯಮಗಳನ್ನು ಯಾವತ್ತೂ ಮೀರಿದವನಲ್ಲ. ಆದರೆ ಇದು ನನ್ನಿಂದ ಆಗುವುದಿಲ್ಲ."

"ಪ್ರಯತ್ನ ಮಾಡಿದಿರಾ?" ಎಂದರು ಕಾಂತಮ್ಮನವರು.

ವೃದ್ಧರು ಯೋಚಿಸಿದರು. "ಇಲ್ಲ."

"ಅದೇ ನೋಡಿ. ಇದಕ್ಕೆ ವಯಸ್ಸಿನ ಮಿತಿಯಿಲ್ಲ. ನಾನು ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಮಾಡುತ್ತಿದ್ದೇನೆ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು. ನನ್ನ ಯಜಮಾನರನ್ನು ನೋಡಿ, ಇಡೀ ದಿನ ಮಾಡುತ್ತಾರೆ."

ವೃದ್ಧರು ಕಿಟಕಿಯ ಪಕ್ಕದಲ್ಲಿದ್ದ ಹನುಮಂತರಾಯರನ್ನು ಬಹಳ ಹೊತ್ತು, ಬಹಳ ಗೌರವದಿಂದ ನೋಡಿದರು. ಹನುಮಂತರಾಯರು ಪೇಪರನ್ನು ಸ್ವಲ್ಪ ಮೇಲೆತ್ತಿಕೊಂಡರು.

ಆ ವಾರ ಹೆಬಾಮೆ ಬಂದಳು. ಕೂಸನ್ನು ಕೊಕ್ಕೆಗೆ ನೇತುಹಾಕಿದಳು. ಸಿಂಚನಾ ದಿಂಬನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ್ದಳು. ಹೆಬಾಮೆ ಮುಳ್ಳನ್ನು ನೋಡಿದಳು, ಮತ್ತೊಮ್ಮೆ ನೋಡಿದಳು, ನಕ್ಕಳು. ತೂಕ ಏರಿತ್ತು, ಚೆನ್ನಾಗಿಯೇ ಏರಿತ್ತು. ಡಬ್ಬಿ ಹಾಲಿನ ಮಾತು ಬಿಡಿ ಎಂದಳು. ಆಮೇಲೆ ಕೂಸಿಗೆ ಬಟ್ಟೆ ತೊಡಿಸುತ್ತ ಇಂಗ್ಲಿಷಿನಲ್ಲಿ ಕೇಳಿದಳು: "ಲಿಫ್ಟಿನ ಹತ್ತಿರ ಎಲ್ಲರೂ ಮೊಲೆಯೂಡಿಸಿ ಎಂದು ಬರೆದಿದೆಯಲ್ಲ, ಅದು ಯಾವ ಸಂಘಟನೆಯ ಪ್ರಚಾರ?"

ಕಾಂತಮ್ಮನವರಿಗೆ ಕೆಳಮನೆಯ ವೃದ್ಧರ ಜೊತೆ ಆಡಿದ ಮಾತುಗಳು ಒಂದೊಂದಾಗಿ ನೆನಪಾದವು. ಸ್ಟಿಲ್‌ರೌಮಿನಲ್ಲಿ ಸರಿದು ಜಾಗ ಕೊಟ್ಟ ಹೆಂಗಸು ನೆನಪಾದಳು. ಮಡಿಲಲ್ಲಿದ್ದ ಕೈಚೀಲ ನೆನಪಾಯಿತು. ಬಾಯಿ ತೆರೆದರು. ದಿಂಬು ಸಿಂಚನಾಳ ಮಡಿಲಲ್ಲಿತ್ತು. ನಿಯಮ ಅವರದೇ. ಮುಚ್ಚಿದರು. ಹೆಬಾಮೆ ಹೋದ ಮೇಲೂ ಮಗಳು ದಿಂಬನ್ನು ಬಿಡಲಿಲ್ಲ. ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕೊನೆಗೆ ಕೈ ನೋವಾಗಿ ಅವಳು ಅದನ್ನು ಪಕ್ಕಕ್ಕಿಟ್ಟಳು.

"ನಿನಗೆ ಗೊತ್ತಿತ್ತು" ಎಂದರು ಕಾಂತಮ್ಮನವರು.

"ಗೊತ್ತಿತ್ತು ಮಮ್ಮಿ."

"ನಾನು ನಗೆಪಾಟಲಾಗಲಿ ಅಂತ ಸುಮ್ಮನಿದ್ದೆ."

"ಅಲ್ಲ. ನೀವು ಸುಮ್ಮನಿದ್ದಾಗ ಅವಳು ಕುಡೀತಾಳೆ." ಸಿಂಚನಾ ತೊಟ್ಟಿಲಿನತ್ತ ನೋಡಿದಳು. "ಬೇರೆ ಏನು ಹೇಳಿದ್ರೂ ನೀವು ಸುಮ್ಮನಾಗ್ತಿರಲಿಲ್ಲ."

ಕಾಂತಮ್ಮನವರು ಕಿಟಕಿಯತ್ತ ತಿರುಗಿದರು. ಹನುಮಂತರಾಯರು ಜರ್ಮನ್ ಲೇತುಗಳನ್ನು ತರಿಸುತ್ತಿದ್ದ ಕಾರ್ಖಾನೆಯಲ್ಲಿ ದುಡಿದವರು. ಅವುಗಳ ಕೈಪಿಡಿ ಓದಲೆಂದೇ ಅವರಿಗೆ ಆ ಭಾಷೆ ಕಲಿಸಲಾಗಿತ್ತು. ಇದು ಕಾಂತಮ್ಮನವರಿಗೆ ಈಗ ನೆನಪಾಯಿತು.

"ರೀ, ನಿಮಗೂ ಗೊತ್ತಿತ್ತಾ?"

"ಹ್ಞೂಂ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನೇ ಬೋರ್ಡು ಹಾಕಿದ್ದೆಯಲ್ಲ ಕಾಂತಾ."

ಕಾಂತಮ್ಮನವರು ತೊಟ್ಟಿಲ ಬಳಿ ಹೋಗಿ ನಿಂತರು. ಕೂಸಿನ ಕೆನ್ನೆ ತುಂಬಿಕೊಂಡಿತ್ತು. ಅದು ಅಜ್ಜಿಯನ್ನು ನೋಡಿ, ಇನ್ನೇನು ಶುರುವಾಗುತ್ತದೆಂದು ಕಾದಿತು. ಶುರುವಾಗಲಿಲ್ಲ. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು ತಮ್ಮ ತೀರ್ಮಾನ ಪ್ರಕಟಿಸಿದರು.

"ಮಗು ಅತ್ತರೆ ನಮ್ಮ ಕಡೆ ಏನಂತಾರೆ? 'ಮಗೂನ ಸುಮ್ಮನಾಗಿಸಮ್ಮ' ಅಂತಾರೆ. ಅಂದರೆ ಹಾಲು ಕೊಡು ಅಂತಲೇ. ಸ್ಟಿಲ್ ಅಂದರೂ ಅದೇ, ಸುಮ್ಮನಾಗಿಸು. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಜರ್ಮನ್ ಎಂದರೆ ಕಾಗುಣಿತ ಕಲಿಯದವರ ಕನ್ನಡ."

ಸಿದ್ಧಾಂತವನ್ನು ಹೀಗೆ ತಿದ್ದುಪಡಿ ಮಾಡಿ ಅವರು ಫಲಕವನ್ನು ಉಳಿಸಿಕೊಂಡರು. ಫಲಕಕ್ಕೆ ಈಗ ಗಾಜು ಹಾಕಿಸಲಾಗಿದೆ. ಕೆಳಮನೆಯ ವೃದ್ಧರು ಭಾನುವಾರ ಬೆಳಗ್ಗೆ ಬಂದು, ಹನುಮಂತರಾಯರ ಪಕ್ಕದ ಕುರ್ಚಿಯಲ್ಲಿ ಸರದಿಯ ಪ್ರಕಾರ ದಿಂಬನ್ನು ಮಡಿಲಲ್ಲಿಟ್ಟುಕೊಂಡು, ತಮ್ಮಿಂದಾದಷ್ಟು ಮಾಡಿ ಹೋಗುತ್ತಾರೆ.

ಬಳಗದ ಸರ್ವಸದಸ್ಯರ ಸಭೆಯೂ ಈಗ ದಿಂಬಿನ ನಿಯಮದ ಮೇಲೆಯೇ ನಡೆಯುತ್ತದೆ; ಅಧ್ಯಕ್ಷರಿಗೆ, ಸೂಚಕರಿಗೆ, ಅನುಮೋದಕರಿಗೆ ಮಾತ್ರ ವಿನಾಯಿತಿ. ಹಾಲಸಿದ್ದಪ್ಪನವರು ವಿಷಯ ಮಂಡಿಸಿ, ದಿಂಬನ್ನು ಹೆಚ್ಚು ಮಾತಾಡುವ ಸಂಭವವಿರುವವರ ಮಡಿಲಿಗಿಡುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಆಧಾರದ ಮೇಲೆ ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಅಂಗೀಕಾರವಾಗುತ್ತವೆ. ಕಳೆದ ಸಭೆಯಲ್ಲಿ ದಿಂಬು ಕಾಂತಮ್ಮನವರ ಪಾಲಿಗೆ ಬಂತು. ಆಗ ರಫಿಯಾ ಎದ್ದುನಿಂತು, ಅಲಕ್ಷಿತ ಆದರೂ ಉಪಯುಕ್ತ ಶಿಶುಸಾಮಗ್ರಿಗಳಲ್ಲಿ ಒಳಲೆ, ದಿಂಬು ಇವುಗಳ ಜೊತೆಗೆ ಮೂರನೆಯದಾಗಿ 'ಸುಮ್ಮನಿರುವ ಅಜ್ಜಿ'ಯನ್ನೂ ಸೇರಿಸತಕ್ಕದ್ದೆಂದು ಸೂಚಿಸಿದಳು. ಸಿಂಚನಾ ಅನುಮೋದಿಸಿದಳು.

"ಯಾರದರ ತಕರಾರು ಐತೇನ್ರೀ?" ಎಂದು ಹಾಲಸಿದ್ದಪ್ಪನವರು ಕೇಳಿದರು.

ಕಾಂತಮ್ಮನವರು ದಿಂಬನ್ನು ನೋಡಿದರು, ಮಗಳ ಹೆಗಲ ಮೇಲೆ ಹೊಟ್ಟೆತುಂಬ ಕುಡಿದು ಮಲಗಿದ್ದ ಕೂಸನ್ನು ನೋಡಿದರು, ಬೆನ್ನು ನೆಟ್ಟಗೆ ಮಾಡಿಕೊಂಡರು. ನಿರ್ಣಯ ಅಂಗೀಕಾರವಾಯಿತು.