ನಲವತ್ತಮೂರು ಕುಂಡಗಳ ಪ್ರತಿನಿಧಿ

ಕೈಯಿಂದ ಆಗುವ ಕೆಲಸವನ್ನು ಕೈಯಿಂದ ಮಾಡಬಾರದು ಎಂಬುದು ನನ್ನ ಜೀವನವ್ರತ. ಹಾಸಿಗೆಯಿಂದ ಏಳದೆ ಲೈಟು ಆರಿಸಲು ಒಮ್ಮೆ ಸ್ವಿಚ್ಚಿಗೆ ಹುರಿ ಕಟ್ಟಿದ್ದೆ. ಅಷ್ಟೇ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಅಡಿ ಇದ್ದ ಆ ಹುರಿ ಶೃಂಗೇರಿ ಮುಟ್ಟುವಷ್ಟರಲ್ಲಿ ಐವತ್ತು ಅಡಿ ಬೆಳೆದಿತ್ತು. ನರಸಿಂಹರಾಜಪುರದ ಮದುವೆ ಮನೆಯಲ್ಲಿ ಒಬ್ಬರು ನನ್ನನ್ನೇ ಹಿಡಿದು, "ನಿಮ್ಮೂರಲ್ಲಿ ಒಬ್ಬ ಮೇಷ್ಟ್ರು ಮಲಗಿದಲ್ಲಿಂದಲೇ ಹಗ್ಗ ಎಳೆದು ಕೊಟ್ಟಿಗೆಯ ದನ ಬಿಡ್ತಾರಂತೆ, ಹೌದಾ?" ಎಂದು ಕೇಳಿದರು. ನಾನು ಅಲ್ಲಗಳೆಯಲಿಲ್ಲ. ದಂತಕಥೆಗೆ ಅಡ್ಡ ನಿಲ್ಲುವುದು ಸಜ್ಜನರ ಲಕ್ಷಣವಲ್ಲ!

ಇಂಥ ಮಹಾಪುರುಷನನ್ನು ಕಟ್ಟಿಕೊಂಡೂ ನನ್ನ ಹೆಂಡತಿ ಸರ್ವಮಂಗಳಾ ಹದಿನಾಲ್ಕು ವರ್ಷಗಳಿಂದ ಚೊಂಬು ಹಿಡಿದು ಗಿಡಗಳಿಗೆ ನೀರು ಹಾಕುತ್ತಿದ್ದಳು. ನಲವತ್ತಮೂರು ಕುಂಡ. ಆಂಥೂರಿಯಂ, ಬಿಗೋನಿಯಾ, ಕ್ರೋಟನ್, ಹೆಸರು ಅವಳಿಗೂ ಗೊತ್ತಿಲ್ಲದ ಇನ್ನೂ ಹತ್ತು. ಈ ಕುಂಡಗಳ ದೆಸೆಯಿಂದ ಅವಳು ಒಂದು ವರ್ಷವೂ ಮಹಿಳಾ ಮಂಡಳಿಯ ಪ್ರವಾಸಕ್ಕೆ ಹೋಗಿರಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ವ್ಯಾನು ಹೊರಡುತ್ತದೆ. ಪ್ರತಿ ಏಪ್ರಿಲ್‌ನಲ್ಲೂ ಇವಳು ಗೇಟಿನ ಹತ್ತಿರ ನಿಂತು ಕೈ ಬೀಸಿ ಒಳಗೆ ಬರುತ್ತಾಳೆ. ಪಕ್ಕದ ಮನೆಯ ಗಿರಿಯಮ್ಮನಿಗೆ ನೀರು ಹಾಕಲು ಹೇಳು ಎಂದರೆ ಕೇಳುವವಳಲ್ಲ. ಬೇಸಿಗೆ ರಜೆಯಲ್ಲಿ ಗಂಡ ಮನೆಯಲ್ಲೇ ಕಾಲು ಚಾಚಿ ಕೂತಿರುವಾಗ ಎಪ್ಪತ್ತು ದಾಟಿದ ಹೆಂಗಸಿಗೆ ಆ ಕೆಲಸ ಹಚ್ಚಿದರೆ ಊರು ಎಂತ ಅಂದೀತು ಎಂಬುದು ಅವಳ ವಾದ. ನನಗೇ ವಹಿಸಬಹುದಿತ್ತಲ್ಲ? ಹಿಂದೊಮ್ಮೆ ತಂಗಿ ನಯನಳ ಮನೆಗೆ ಎರಡು ದಿನ ಹೋದಾಗ ವಹಿಸಿದ್ದಳು. ಆ ಗಿಡಗಳು ಈಗ ನಮ್ಮೊಂದಿಗಿಲ್ಲ.

ಈ ವರ್ಷ ಗೋಕರ್ಣ, ಮುರುಡೇಶ್ವರ, ಐದು ದಿನ. ನಾನು ಎದ್ದು ನಿಂತು ಘೋಷಿಸಿದೆ.

"ಮಂಗಳಾ, ನೀನು ಹೋಗಿ ಬಾ. ಗಿಡ ನನಗಿರಲಿ."

"ನೀವು ನೋಡ್ಕೊಳ್ತೀರಾ?"

"ನಾನಲ್ಲ, ವಿಜ್ಞಾನ ನೋಡ್ಕೊಳ್ಳುತ್ತೆ."

"ವಿಜ್ಞಾನ ಎಷ್ಟು ಗಂಟೆಗೆ ಏಳುತ್ತೆ ಮಾರಾಯ್ರೆ?"

ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವನು ಇದನ್ನು ಸಹಿಸಬೇಕೇ? ಮರುದಿನವೇ ತೇವ ಅಳೆಯುವ ಸೆನ್ಸರ್ ತರಿಸಿದೆ. ಎರಡು ಕಾಲಿನ ಪುಟ್ಟ ಪಟ್ಟಿ ಅದು. ಮಣ್ಣಿಗೆ ಚುಚ್ಚಿದರೆ ಸಾಕು. ಮಣ್ಣು ಒಣಗಿದರೆ ಪಂಪು ತಾನೇ ಚಾಲೂ, ಒದ್ದೆಯಾದರೆ ತಾನೇ ಬಂದ್. ತೇವ ಎಷ್ಟೆಂದು ಮೊಬೈಲಿಗೆ ಪರ್ಸೆಂಟು ಬರುತ್ತದೆ! ಮೂರು ತರಿಸಿದ್ದೆ. ಎರಡು, ವೈರು ತಿರುಗಾಮುರುಗಾ ಕೊಟ್ಟ ಕಾರಣ ಹೊಗೆಯಾಗಿ ವೀರಮರಣವನ್ನಪ್ಪಿದವು. ಪಂಪು, ಪೈಪು ಕೊಟ್ಟ ಎಲೆಕ್ಟ್ರಿಕ್ ಅಂಗಡಿಯ ಯೋಗೇಶ ತಲೆ ಕೆರೆದುಕೊಂಡ. ನನ್ನ ಹಳೇ ಶಿಷ್ಯ.

"ಸಾರ್, ನಲವತ್ತಮೂರು ಕುಂಡಕ್ಕೆ ಒಂದೇ ಸೆನ್ಸರಾ?"

"ಇಡೀ ಕ್ಷೇತ್ರಕ್ಕೆ ಒಬ್ಬರೇ ಶಾಸಕರಲ್ವೇನೋ?"

ಚುನಾವಣೆ ನಡೆಯಿತು. ಹಿತ್ತಲಿನ ನಲವತ್ತೆರಡು ಕುಂಡಗಳ ಪರವಾಗಿ ಮುಂಬಾಗಿಲ ಮೆಟ್ಟಿಲ ಪಕ್ಕದ ದೊಡ್ಡ ಆಂಥೂರಿಯಂ ಅವಿರೋಧವಾಗಿ ಆಯ್ಕೆಯಾಯಿತು. ಅದರ ಅರ್ಹತೆ ಒಂದೇ: ಪ್ಲಗ್ ಪಾಯಿಂಟು ಅಲ್ಲೇ ಇತ್ತು. ನೀರಿನ ಟ್ಯಾಂಕಿನಿಂದ ಎಲ್ಲ ಕುಂಡಗಳಿಗೂ ಸಣ್ಣ ಪೈಪು ಎಳೆದೆ. ಹಿತ್ತಲು ಆಸ್ಪತ್ರೆಯ ವಾರ್ಡಿನಂತೆ ಕಂಗೊಳಿಸಿತು!

ವ್ಯಾನು ಬಂತು. ಸರ್ವಮಂಗಳಾ ಹೊಸ ಚಪ್ಪಲಿ ಹಾಕಿಕೊಂಡು ಹತ್ತಿದಳು. ಹತ್ತಿದ ಮೇಲೂ ಎರಡು ಸಲ ತಲೆ ಹೊರಗೆ ಹಾಕಿ ಹಿತ್ತಲ ಕಡೆ ನೋಡಿದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಗೇಟಿನ ಹತ್ತಿರ ನಿಂತು ಕೈ ಬೀಸಿದವನು ನಾನು.

ಸುದ್ದಿ ಹಬ್ಬಿತು. ಹಬ್ಬಿಸಿದವನೂ ನಾನೇ. ಸಹೋದ್ಯೋಗಿಗಳು ಬಂದರು, ಯೋಗೇಶ ಗಿರಾಕಿಗಳನ್ನೇ ಕರೆದುಕೊಂಡು ಬಂದ, ಬಾಳೆಹೊನ್ನೂರಿನಿಂದ ಕಾಫಿ ತೋಟದ ಸೋಮಶೇಖರಪ್ಪ ಬೈಕಿನಲ್ಲಿ ಬಂದರು. ಬೇಸಿಗೆಯ ಕೆಂಪು ಧೂಳು ನೋಡಿ. ಬಂದವರೆಲ್ಲ ಮೆಟ್ಟಿಲ ಬಳಿಯ ಹಂಡೆಯಿಂದ ಚೊಂಬಿನಲ್ಲಿ ನೀರು ತೆಗೆದು, ಕಾಲು ತೊಳೆದು, ಮರ್ಯಾದೆಯಿಂದ ಒಳಗೆ ಬರುತ್ತಿದ್ದರು. ನಾನು ಮೊಬೈಲು ತೋರಿಸುತ್ತಿದ್ದೆ. ಎಂಬತ್ತು ಪರ್ಸೆಂಟು! ಎಂಬತ್ತೈದು! ಮೂರು ದಿನವಾದರೂ ಪಂಪು ಒಮ್ಮೆಯೂ ಚಾಲೂ ಆಗಲಿಲ್ಲ.

ಸೋಮಶೇಖರಪ್ಪ ಬೆರಗಾಗಿ, ನೀರೇ ಬೇಡವೇ ಎಂದು ಕೇಳಿದರು. ಅಗತ್ಯಕ್ಕಿಂತ ಹೆಚ್ಚು ನೀರು ಕುಡಿಸಿ ಗಿಡಗಳನ್ನು ಹೆಂಗಸರು ಹಾಳು ಮಾಡಿಟ್ಟಿದ್ದಾರೆ ಎಂದು ನಾನು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವರು ತಮ್ಮ ಕಾಫಿ ಸಸಿಗಳಿಗೂ ಇಂಥದ್ದೇ ಮಾಡಿಸುವ ಮಾತಾಡಿ ಹೋದರು.

ಸಂಜೆ ಸರ್ವಮಂಗಳಾ ಫೋನು ಮಾಡಿದಳು.

"ಗಿಡ ಹೇಗಿದಾವೆ?"

"ಎಂಬತ್ನಾಲ್ಕು ಪರ್ಸೆಂಟ್."

"ಪರ್ಸೆಂಟ್ ಅಲ್ಲ, ಗಿಡ."

ಅಂಕಿಅಂಶದ ಮಹತ್ವ ಎಲ್ಲರಿಗೂ ತಿಳಿಯುವಂಥದ್ದಲ್ಲ ಎಂದುಕೊಂಡೆ. ಆಮೇಲೆ ಅವಳೊಂದು ಫೋಟೋ ಕಳಿಸಿದಳು. ಸೀರೆ ಮೊಣಕಾಲಿಗೆ ಎತ್ತಿ ಹಿಡಿದು ಸಮುದ್ರದಲ್ಲಿ ನಿಂತಿದ್ದಾಳೆ. ಬಾಯಿ ತುಂಬ ನಗು. ಆ ಜಾತಿಯ ನಗು ನಮ್ಮ ಮನೆಯಲ್ಲಿ ನಾನು ನೋಡಿದ್ದು ನೆನಪಿಲ್ಲ. ಈ ನಗುವಿಗೆ ಕಾರಣಕರ್ತನು ನಾನೇ ಎಂದು ಮೀಸೆ ತೀಡಿಕೊಂಡೆ.

ನಾಲ್ಕನೇ ದಿನ ಮಧ್ಯಾಹ್ನ ಗಿರಿಯಮ್ಮ ಬೇಲಿ ದಾಟಿ ಬಂದರು.

"ಎಂತ ಮಾರಾಯ, ನಿನ್ನ ಹಿತ್ತಲ ಗಿಡಗಳೆಲ್ಲ ತಲೆ ತಗ್ಗಿಸಿಕೊಂಡು ನಿಂತಿದಾವಲ್ಲ. ಪಾಠ ಒಪ್ಪಿಸ್ಲಿಲ್ಲ ಅಂತ ಬೈದ್ಯಾ?"

ನಾನು ನಕ್ಕು ಮೊಬೈಲು ತೆಗೆದೆ. ಎಂಬತ್ನಾಲ್ಕು. ಗಿರಿಯಮ್ಮ ಚೊಂಬು ಎತ್ತಿ ಕಾಲು ತೊಳೆದರು. ಉಳಿದ ನೀರನ್ನು, ದಂಡ ಮಾಡಬಾರದೆಂದು, ಪಕ್ಕದ ಆಂಥೂರಿಯಂ ಬುಡಕ್ಕೆ ಸುರಿದರು. ನನ್ನ ಕೈಯಲ್ಲೇ ಎಂಬತ್ನಾಲ್ಕು ಎಂಬುದು ತೊಂಬತ್ತೊಂದಾಯಿತು!

ನಾಲ್ಕು ದಿನದಲ್ಲಿ ಬಂದವರೆಷ್ಟು? ತೊಳೆದ ಕಾಲುಗಳೆಷ್ಟು? ಕಾಲು ತೊಳೆದು ಮಿಕ್ಕ ನೀರನ್ನು ಗಿಡದ ಬುಡಕ್ಕಲ್ಲದೆ ಬೇರೆಲ್ಲಾದರೂ ಚೆಲ್ಲುವ ಮನುಷ್ಯ ನಮ್ಮ ಮೂರು ತಾಲ್ಲೂಕಿನಲ್ಲಿ ಹುಟ್ಟಿದ್ದಾನೆಯೇ? ಅಷ್ಟೇಕೆ, ದಿನಕ್ಕೆ ನಾಲ್ಕು ಸಲ ಪೇಟೆಗೆ ಹೋಗಿ ಬಂದು ನಾನೇ ಸುರಿದಿದ್ದೆ. ಪ್ರತಿನಿಧಿ ಕಂಠಪೂರ್ತಿ ಕುಡಿದು 'ಕ್ಷೇತ್ರ ಸುಭಿಕ್ಷ' ಎಂದು ವರದಿ ಕಳಿಸುತ್ತಿತ್ತು. ಹಿತ್ತಲಿಗೆ ಓಡಿ ನೋಡಿದರೆ ನಲವತ್ತೆರಡು ಮತದಾರರು ನೆಲ ಹಿಡಿದಿದ್ದರು.

ಆಗಲೇ ಒಂದು ಚೊಂಬು ಎತ್ತಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ವ್ರತ! ಸೆನ್ಸರನ್ನು ಕಿತ್ತು, ಪಂಚೆಯಲ್ಲಿ ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿದೆ. ತೇವ ಸೊನ್ನೆ. ಪಂಪು ಗುರ್ರೆಂದಿತು. ನಲವತ್ತಮೂರು ಪೈಪುಗಳಲ್ಲಿ ನೀರು ಚಿಮ್ಮಿತು. ಭಗೀರಥನಿಗೂ ಇಷ್ಟು ಸಂತೋಷವಾಗಿರಲಿಕ್ಕಿಲ್ಲ!

ಅಷ್ಟರಲ್ಲಿ ಒಳಗೆ ಲ್ಯಾಂಡ್‌ಲೈನು ಹೊಡೆದುಕೊಂಡಿತು. ಗಿಡಗಳೆಲ್ಲ ಈಗಷ್ಟೇ ನೀರು ಕುಡಿಯುತ್ತಿವೆ ಎಂದು ಹೆಂಡತಿಗೆ ವರ್ಣಿಸಿದೆ. ಅವಳು ಮುರುಡೇಶ್ವರ ವರ್ಣಿಸಿದಳು. ನಡುವೆ ಮೊಬೈಲಿನಲ್ಲಿ ತೇವ ನೋಡಿದೆ: ಸೊನ್ನೆ. ಪಾಪ, ಎಷ್ಟು ಬಾಯಾರಿವೆಯೋ, ಕುಡಿಯಲಿ ಎಂದುಕೊಂಡೆ. ಹತ್ತು ನಿಮಿಷ ಬಿಟ್ಟು ನೋಡಿದೆ: ಸೊನ್ನೆ. ಇನ್ನೂ ಕುಡಿಯಲಿ! ಮೊಳೆಗೆ ನೇತಾಡುವ ಸೆನ್ಸರ್ ಪ್ರಳಯ ಬಂದರೂ ಒದ್ದೆಯಾಗುವುದಿಲ್ಲ ಎಂಬುದು ಇಪ್ಪತ್ತಾರು ವರ್ಷದ ವಿಜ್ಞಾನದ ಮೇಷ್ಟ್ರಿಗೆ ಹೊಳೆದದ್ದು ಗಿರಿಯಮ್ಮನ ಕೂಗು ಕೇಳಿದ ಮೇಲೆ.

ಟ್ಯಾಂಕು ಬರಿದಾಗಿತ್ತು. ಕುಂಡದ ಮಣ್ಣೆಲ್ಲ ತೊಳೆದುಕೊಂಡು ಕೆಂಪು ಹೊಳೆಯಾಗಿ ಇಳಿಜಾರಿನಲ್ಲಿ ಬೇಲಿ ನುಗ್ಗಿತ್ತು. ಬೇಲಿಯಾಚೆ ಗಿರಿಯಮ್ಮ ಮೂರು ದಿನ ಕೂತು ತಟ್ಟಿದ ಇನ್ನೂರು ಹಲಸಿನ ಹಪ್ಪಳ ಚಾಪೆಯ ಮೇಲೆ ಒಣಗುತ್ತಿದ್ದವು. ಈಗ ಚಾಪೆ ಸಮೇತ ಚರಂಡಿಯ ಕಡೆ ಪ್ರವಾಸ ಹೊರಟಿದ್ದವು.

ಮರುದಿನ ಸರ್ವಮಂಗಳಾ ಬಂದಳು. ಬಿಸಿಲಿಗೆ ಕಪ್ಪಾಗಿದ್ದಳು, ಸೆರಗಿನ ತುದಿಯಲ್ಲಿ ಕಪ್ಪೆಚಿಪ್ಪು ಕಟ್ಟಿಕೊಂಡಿದ್ದಳು. ಹಿತ್ತಲಿಗೆ ಹೋದವಳು ಬೇರು ಹೊರಬಿದ್ದ ಬಿಗೋನಿಯಾವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಪ್ರತಿನಿಧಿಯಿಂದ ಹಪ್ಪಳದವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಇನ್ನು ಇವಳು ಯಾವ ವ್ಯಾನೂ ಹತ್ತುವುದಿಲ್ಲ, ಮತ್ತೆ ಗೇಟಿನ ಹತ್ತಿರವೇ ನಿಲ್ಲುತ್ತಾಳೆ ಎಂದುಕೊಂಡಾಗ ನಿಜವಾಗಿ ಸಂಕಟವಾಯಿತು.

"ಏಳು ಗಿಡ ಹೋದವು," ಎಂದಳು ಕೊನೆಗೆ. "ಉಳಿದವು ಚಿಗುರ್ತಾವೆ. ಬರೋ ವರ್ಷ ಕಾಶಿಗಂತೆ. ಎಂಟು ದಿನ. ನಾನು ಹೆಸರು ಕೊಟ್ಟು ಬಂದೆ."

"ಗಿಡಕ್ಕೆ?"

"ಗಿರಿಯಮ್ಮನ ಹತ್ರ ವ್ಯಾನಿಳಿದ ಕೂಡ್ಲೇ ಮಾತಾಡ್ದೆ. ಎಂಟಲ್ಲ, ಹದಿನೈದು ದಿನ ಬೇಕಾದ್ರೂ ನೀರು ಹಾಕ್ತಾರಂತೆ. ಅವರದ್ದು ಒಂದೇ ಶರತ್ತು. ಅಷ್ಟೂ ದಿನ ನೀವು ಮನೇಲಿರಬಾರದಂತೆ."

ಬೇಲಿಯಾಚೆ ಗಿರಿಯಮ್ಮ ಹೊಸದಾಗಿ ಹಪ್ಪಳ ತಟ್ಟುತ್ತ, ತಲೆಯೆತ್ತದೆ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಆಯ್ತು," ಎಂದೆ. "ನನಗೂ ಒಂದು ಸೀಟು ಹೇಳು."