ಬಂದವರ ಭಾಷೆ

ಕೆಲವರಿಗೆ ಪೇಪರು ಬಂದ ಕೂಡಲೇ ಶ್ರದ್ಧಾಂಜಲಿಯ ಪುಟ ನೋಡುವ ಚಾಳಿ ಇರುತ್ತದೆ. ನನ್ನ ಚಾಳಿ ಬೇರೆ. ನಾನು ಓದಿದ ವಿಶ್ವವಿದ್ಯಾನಿಲಯದ ಭಾಷಾವಿಜ್ಞಾನ ವಿಭಾಗದಿಂದ ಮೊಬೈಲಿಗೆ ಬರುವ 'ಸುದ್ದಿ ಮತ್ತು ಅವಕಾಶಗಳು' ಓದುವುದು. ಸುದ್ದಿಯಲ್ಲಿರುವವರು ಈಗ ಯಾರೂ ನನ್ನ ಪರಿಚಯದವರಲ್ಲ. ಅವಕಾಶಗಳಿಗೋ ನನ್ನ ವಯಸ್ಸು ಮೀರಿದೆ. ಆದರೂ ಪುತ್ತೂರಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕುಳಿತು, ಸಂಬಂಧವಿಲ್ಲದವರ ಮದುವೆ ಫೋಟೋ ನೋಡುವ ಹಾಗೆ, ಕೊನೆಯ ಸಾಲಿನವರೆಗೂ ಓದುತ್ತೇನೆ.

ಹಾಗೆ ಓದುತ್ತಿದ್ದಾಗ ಒಮ್ಮೆ ನಮ್ಮ ಮನೆಗೇ ಒಪ್ಪುವ ಅವಕಾಶವೊಂದು ಕಣ್ಣಿಗೆ ಬಿತ್ತು. ಸುಳ್ಯದ ಕಡೆಯ ಅರೆಭಾಷೆಯನ್ನು ಮನೆಮಾತಾಗಿ ಆಡುವ ಹಿರಿಯರು ಬೇಕು, ಅವರ ಮಾತನ್ನು ಧ್ವನಿಮುದ್ರಿಸಿ ಇಡುತ್ತೇವೆ ಎಂದಿತ್ತು. ನನ್ನನ್ನು ಸಾಕಿದ ಸೋದರತ್ತೆ ಐವರ್ನಾಡಿನಿಂದ ಬಂದು ನಮ್ಮ ಜೊತೆಗೇ ಇದ್ದರು. ನನ್ನ ಹೆಂಡತಿಯೊಡನೆ ತುಳು, ಮೀನು ತರುವ ಅದ್ರಾಮನೊಡನೆ ಬ್ಯಾರಿ, ಮಕ್ಕಳೊಡನೆ ಕನ್ನಡ. ಅರೆಭಾಷೆ ನನ್ನೊಬ್ಬನ ಪಾಲಿಗೆ, ಅದರಲ್ಲೂ ಮುಕ್ಕಾಲು ಬೈಗುಳ. ಡಾಕ್ಟರು ಆಗಲೇ ಅವರ ಹೃದಯದ ಬಗ್ಗೆ ತಲೆಯಾಡಿಸಿದ್ದರು. ಭಾಷೆಯ ಮಾತು ಹಾಗಿರಲಿ, ಆ ದನಿಯಾದರೂ ಉಳಿಯಲಿ ಎಂಬ ಆಸೆಯಿಂದ ಅತ್ತೆಯ ಹೆಸರು ಕಳಿಸಿದೆ.

ಘಟ್ಟದ ಮೇಲಿನಿಂದ ಸಂಶೋಧನೆಯ ಹುಡುಗಿ ರೆಕಾರ್ಡರ್ ಹಿಡಿದು ಬಂದಳು. ಮದುವೆಗೆ ಉಡುವ ಸೀರೆ ಉಟ್ಟು ಕುಳಿತಿದ್ದ ಅತ್ತೆ, "ತಾವು ಬಂದದ್ದು ಬಹಳ ಸಂತೋಷ. ಪ್ರಯಾಣ ಸುಖಕರವಾಗಿತ್ತೇ?" ಎಂದರು. ನನಗೆ ಗಾಬರಿಯಾಯಿತು. ನಮ್ಮ ಭಾಷೆಯಲ್ಲಿ ಮಾತಾಡಿ ಎಂದು ಗೋಗರೆದೆ.

"ನೀನು ಸುಮ್ಮನೆ ಕೂತ್ಕೋ ಮಾರಾಯ," ಎಂದರು ಅತ್ತೆ, ಅದನ್ನೂ ಕನ್ನಡದಲ್ಲೇ. "ಬಂದವರಿಗೆ ಗೊತ್ತಿಲ್ಲದ ಭಾಷೆ ಅವರ ಎದುರು ಮಾತಾಡುದುಂಟಾ? ನಾವು ಎಂತದೋ ಗುಟ್ಟು ಹೇಳ್ಕೊಳ್ತೇವೆ ಅಂತ ಬೇಜಾರು ಮಾಡ್ಕೊಳ್ಳುದಿಲ್ವಾ?"

"ನನಗೇನೂ ಬೇಜಾರಿಲ್ಲ ಅಜ್ಜಿ, ನಾನು ಬಂದಿರೋದೇ ಅದಕ್ಕೆ," ಎಂದಳು ಹುಡುಗಿ.

"ನೀವು ದಾಕ್ಷಿಣ್ಯಕ್ಕೆ ಹಾಗೆ ಹೇಳುದು," ಎಂದ ಅತ್ತೆ ಮತ್ತಷ್ಟು ಶುದ್ಧ ಕನ್ನಡಕ್ಕೆ ಏರಿದರು. ಸಂಜೆ ಹುಡುಗಿ ಗೇಟು ದಾಟಿದ್ದೇ ತಡ, ಅವಳಿಗೆ ಒಂದು ಹಲಸಿನ ಹಪ್ಪಳ ಕಟ್ಟಿಕೊಡಲಿಲ್ಲವೆಂದು ಅಚ್ಚ ಅರೆಭಾಷೆಯಲ್ಲಿ ಊಟದವರೆಗೂ ನನಗೆ ಬೈದರು. ನನ್ನ ಕಿಸೆಯಲ್ಲೂ ರೆಕಾರ್ಡ್ ಮಾಡಬಲ್ಲ ಮೊಬೈಲ್ ಇತ್ತು. ಬೈಸಿಕೊಳ್ಳುವವನಿಗೆ ಅದೆಲ್ಲ ಹೊಳೆಯುವುದಿಲ್ಲ.

ಮಳೆ ಕಳೆದ ಮೇಲೆ ಇನ್ನೊಮ್ಮೆ ಬರುತ್ತೇನೆಂದು ಹುಡುಗಿ ಹೇಳಿ ಹೋಗಿದ್ದಳು. ಮಳೆ ಕಳೆಯುವ ಮೊದಲೇ ಅತ್ತೆ ಹೋದರು. ವಿಷಯ ತಿಳಿದು ವಿಭಾಗದವರು ಆ ದಿನದ ಧ್ವನಿಮುದ್ರಣ ಕಳಿಸಿಕೊಟ್ಟರು. ಸ್ವಲ್ಪ ಕೇಳಿದ ಹೆಂಡತಿ, "ಇದು ಯಾರು ಮಾರಾಯ್ರೆ, ರೇಡಿಯೋದವರಾ?" ಎಂದು ನಗಲು ಹೋಗಿ ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ. ಗಂಟೆಗಟ್ಟಲೆ ಮಾತಿದೆ, ಅದರಲ್ಲಿ ನನ್ನ ಅತ್ತೆ ಇಲ್ಲ. ನನಗೆ ಬೈಯದ ಅತ್ತೆಯನ್ನು ನಾನು ಕಂಡವನೇ ಅಲ್ಲ.

ಆಮೇಲೆ ಹುಡುಗಿ ಫೋನು ಮಾಡಿ, "ಸರ್, ನೀವೇ ಮಾತಾಡಬಹುದಲ್ವಾ?" ಎಂದಳು. ಅಂತೂ ಆ ವಿಭಾಗದಿಂದ ನನಗೂ ಒಂದು ಅವಕಾಶ ಬಂತು. ಮೊನ್ನೆ ಅವಳು ಬಂದು ಅದೇ ರೆಕಾರ್ಡರನ್ನು ಅದೇ ಮೇಜಿನ ಮೇಲಿಟ್ಟಳು. ಅತ್ತೆ ಬೈಯುತ್ತಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಅವನ್ನು ಕೇಳಿ ಅದೇ ಭಾಷೆಯಲ್ಲಿ ತಿರುಗಿ ಒಂದು ಮಾತು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಎದುರಿಗಿದ್ದವಳು ಕಾಯುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, "ಪ್ರಯಾಣ ಸುಖಕರವಾಗಿತ್ತೇ?" ಎಂದು ಕೇಳಿದೆ.